ಹಳೆಯ ರೋಡಿಯೋ ರೀಲುಗಳನ್ನು ನಾನು ನೋಡುವ ರೀತಿ

ರೋಡಿಯೋ ಅಂದರೆ ಕುಣಿದು ಕೆಡವುವ ಕುದುರೆ, ಹೋರಿಗಳ ಜೊತೆ ಸೆಣಸುವ ಅಮೆರಿಕದ ಕೌಬಾಯ್ ಆಟ. ಅದರ ಹಳೆಯ ಕಿರುಚಿತ್ರ ಸಿಕ್ಕ ಕೂಡಲೇ ನಾನು ವೇಗ ಸರಿಮಾಡುತ್ತೇನೆ. ನೋಡುವುದು ಆಮೇಲೆ. 1910, 20ರ ದಶಕದ ಮೂಕಿ ರೀಲುಗಳನ್ನು ಹ್ಯಾಂಡಲ್ ತಿರುಗಿಸಿ, ಸೆಕೆಂಡಿಗೆ ಹೆಚ್ಚುಕಡಿಮೆ 16ರಿಂದ 20 ಫ್ರೇಮ್‌ನಲ್ಲಿ ತೆಗೆಯುತ್ತಿದ್ದರು. ಅದನ್ನೇ ಈಗ 24ರಲ್ಲಿ ಓಡಿಸಿದರೆ ಕುದುರೆ ಕೀಲಿ ಕೊಟ್ಟ ಗೊಂಬೆಯ ಹಾಗೆ ಕುಣಿಯುತ್ತದೆ, ಸವಾರನ ಸೊಂಟಕ್ಕೆ ಬೀಳುವ ಪೆಟ್ಟು ಕಾಣುವುದೇ ಇಲ್ಲ. ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ಕುದುರೆಗೆ ಭಾರ ಬರುತ್ತದೆ. ಆಮೇಲೆ ಕೀಬೋರ್ಡಿನ E ಕೀ ಒತ್ತುತ್ತಾ ಒಂದೊಂದೇ ಫ್ರೇಮ್. ಕೆಲವನ್ನು ಅಪ್‌ಲೋಡ್ ಮಾಡುವವರೇ ಸರಿಮಾಡಿರುತ್ತಾರೆ, ಅವನ್ನು ಮುಟ್ಟುವುದಿಲ್ಲ.

ಎಡಿಸನ್ ಕಂಪನಿ 1894ರಲ್ಲಿ ತೆಗೆದ ಕುದುರೆ ಸವಾರಿ ಚಿತ್ರದ ವಿಷಯ ಬೇರೆ. ಆಗ ಸೆಕೆಂಡಿಗೆ 30ಕ್ಕಿಂತ ಜಾಸ್ತಿ ಫ್ರೇಮ್ ತೆಗೆಯುತ್ತಿದ್ದರು, ಹಾಗಾಗಿ ನಿಧಾನವಾಗಿ ಕಂಡರೆ ವೇಗ ಏರಿಸಬೇಕು. ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ ತೆಗೆದದ್ದು. ಕೌಬಾಯ್ ಪ್ರದರ್ಶನ ಕೊಡುತ್ತಿದ್ದ ಬಫಲೋ ಬಿಲ್ ತಂಡದ ಲೀ ಮಾರ್ಟಿನ್ ಸನ್‌ಫಿಶ್ ಎಂಬ ಕುದುರೆಯ ಮೇಲೆ, ಬೇಲಿಯ ಮೇಲೆ ಪಿಸ್ತೂಲು ಹಾರಿಸುವ ಫ್ರಾಂಕ್ ಹ್ಯಾಮಿಟ್. ಒಂದು ನಿಮಿಷವೂ ಇಲ್ಲ. ಇದು ಪೈಪೋಟಿ ಅಲ್ಲ, ಪ್ರದರ್ಶನ. ಕ್ಯಾಮೆರಾಗಾಗಿಯೇ ಮಾಡಿದ್ದು ಅನ್ನುವುದನ್ನು ಮರೆಯದೆ ನೋಡಬೇಕು ಅಲ್ವಾ?

ಆಮೇಲೆ ನೋಡುವುದು ಸವಾರ ಕುದುರೆ ಹತ್ತುವ ಜಾಗ. ಇವತ್ತು ಚ್ಯೂಟ್, ಅಂದರೆ ಕುದುರೆಯನ್ನು ಕೂಡಿಹಾಕುವ ಇಕ್ಕಟ್ಟಾದ ಕಟಕಟೆ, ಅದರೊಳಗೆ ಹತ್ತಿ, ಬಾಗಿಲು ತೆಗೆಸಿ ಹೊರಗೆ ಬರುತ್ತಾರೆ, 8 ಸೆಕೆಂಡ್ ಕೂತರೆ ಸಾಕು. ಆಗ ಬಯಲಲ್ಲೇ ಎಲ್ಲ. ಹತ್ತಬೇಕಾದ ಕುದುರೆಯನ್ನು ಇನ್ನೊಬ್ಬ ಸವಾರ ತನ್ನ ಕುದುರೆಗೆ ಒತ್ತಿ ಹಿಡಿಯುತ್ತಾನೆ, ಅದರ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ, ಅಷ್ಟರಲ್ಲಿ ಜೀನು ಬಿಗಿದು ಹತ್ತಬೇಕು, ಬಟ್ಟೆ ಕಿತ್ತ ಕ್ಷಣದಿಂದ ಕುದುರೆ ಸೋಲುವ ತನಕ ಕೂರಬೇಕು. ದಿನಾಂಕ ಬರೆಯದ ರೀಲಿಗೆ ನನ್ನ ಮೊದಲ ಸುಳಿವು ಇದೇ. ನಿಜವಾದ ಸಾಹಸ ಹತ್ತುವುದರಲ್ಲೇ ಇದೆ ಅನ್ನಿಸುತ್ತದೆ ನನಗೆ, ಆದರೆ ಎಷ್ಟೋ ರೀಲುಗಳಲ್ಲಿ ಆ ಭಾಗವನ್ನೇ ಕತ್ತರಿಸಿದ್ದಾರೆ.

ಹೊಟ್ಟೆ ಉರಿಯುವುದು ಬಿಲ್ ಪಿಕೆಟ್ ವಿಷಯದಲ್ಲಿ. ಟೆಕ್ಸಾಸ್‌ನ ಈ ಕಪ್ಪು ಕೌಬಾಯ್ ಓಡುವ ಕುದುರೆಯಿಂದ ಹೋರಿಯ ಮೇಲೆ ಹಾರಿ, ಕೊಂಬು ತಿರುಚಿ, ಅದರ ತುಟಿ ಕಚ್ಚಿ ನೆಲಕ್ಕೆ ಕೆಡವುತ್ತಿದ್ದರು. ಇವತ್ತಿನ ರೋಡಿಯೋದಲ್ಲಿ ಹೋರಿ ಕೆಡವುವ ಸ್ಪರ್ಧೆ, ಸ್ಟಿಯರ್ ರೆಸ್ಲಿಂಗ್, ಅಲ್ಲಿಂದಲೇ ಬಂದದ್ದು. 1921ರಲ್ಲಿ ಒಕ್ಲಹೋಮಾದ ಬೋಲಿಯಲ್ಲಿ ಅವರನ್ನಿಟ್ಟು ತೆಗೆದ ‘ದಿ ಬುಲ್‌ಡಾಗರ್’ ಚಿತ್ರದ ಚೂರುಗಳಷ್ಟೇ ಈಗ ಉಳಿದಿವೆ. ಅವರು ತೀರಿಕೊಂಡದ್ದು 1932ರಲ್ಲಿ, ನ್ಯಾಷನಲ್ ರೋಡಿಯೋ ಹಾಲ್ ಆಫ್ ಫೇಮ್‌ ಎಂಬ ಗೌರವಪಟ್ಟಿಗೆ ಸೇರಿದ್ದು 1971ರಲ್ಲಿ!

ಧ್ವನಿ ಬಂದ ಮೇಲಿನ ಕಿರುಚಿತ್ರಗಳನ್ನು ನಾನು ಮ್ಯೂಟ್ ಮಾಡಿಯೇ ನೋಡುತ್ತೇನೆ. ಬಿದ್ದವನ ಮೇಲೆ ನಿರೂಪಕ ಜೋಕು ಹೊಡೆಯುತ್ತಿರುತ್ತಾನೆ, ಆ ಗಲಾಟೆಯಲ್ಲಿ ಬಿದ್ದವನನ್ನು ಎತ್ತಲು ಓಡಿಬಂದವರು ಕಣ್ಣಿಗೇ ಬೀಳುವುದಿಲ್ಲ. ಎಡಿಸನ್ ಚಿತ್ರ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಅಲ್ಲಿಂದ ಶುರುಮಾಡಿ.