ಓಡಿಬಂದ ಕುದುರೆಯ ಎದೆಬಡಿತ, ಕಣ್ಣಿನ ಪ್ರೆಶರ್ ಚೆಕ್ ಮಾಡೋದು ಹೇಗೆ?

ಓಟ ಮುಗಿಸಿ ಬಂದ ಕುದುರೆಯ ಎದೆಬಡಿತ ಎಣಿಸಿ ಗಾಬರಿ ಬೀಳೋ ಮುಂಚೆ ಒಂದು ನೋಡಿ, ಓಡೋಕೆ ಮೊದಲು ಎಷ್ಟಿತ್ತು? ಅದು ಬರೆದಿಟ್ಟಿಲ್ಲ ಅಂದ್ರೆ ಆಮೇಲಿನ ನಂಬರ್ ಅರ್ಧ ಕಥೆ ಮಾತ್ರ ಹೇಳುತ್ತೆ.

ಹಾಗಾಗಿ ಕುದುರೆ ಲಾಯದಲ್ಲಿ ಆರಾಮಾಗಿ ನಿಂತಿರುವಾಗಲೇ ಶುರು ಮಾಡಿ. ಎಡ ಮೊಣಕೈ ಹಿಂದೆ ಸ್ಟೆತೊಸ್ಕೋಪ್ ಇಟ್ಟು 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿ. ಲಬ್-ಡಬ್ ಎರಡೂ ಸೇರಿ ಒಂದೇ ಬಡಿತ, ಹೊಸಬರು ಇದನ್ನ ಎರಡು ಅಂತ ಎಣಿಸಿಬಿಡ್ತಾರೆ. ಪೂರ್ತಿ ಬೆಳೆದ ಕುದುರೆಗೆ ಎದೆಬಡಿತ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಟೆಂಪರೇಚರ್ ಸುಮಾರು 37.2ರಿಂದ 38.3 ಡಿಗ್ರಿ ಸೆಲ್ಸಿಯಸ್ ಇದ್ರೆ ನಾರ್ಮಲ್.

ಆಮೇಲೆ ಕಣ್ಣು, ನಿಜವಾಗ್ಲೂ ತಾಳ್ಮೆ ಬೇಕಾಗಿರೋದು ಇಲ್ಲೇ. ಒಳಗಿನ ಪ್ರೆಶರ್‌ನ ವೆಟ್ ಡಾಕ್ಟರ್ ಟೋನೋಮೀಟರ್‌ನಲ್ಲಿ ನೋಡ್ತಾರೆ, ಸಾಮಾನ್ಯವಾಗಿ 15ರಿಂದ 30 ಮಿ.ಮೀ. ಪಾದರಸದೊಳಗೆ ಇರುತ್ತೆ. ಆದ್ರೆ ಕುದುರೆ ತಲೆಯನ್ನ ಎದೆಗಿಂತ ಕೆಳಗೆ ಇಳಿಸಿದ್ರೆ ಪ್ರೆಶರ್ ಏರುತ್ತೆ, ಮಂಪರು ಔಷಧಿ ಕೊಟ್ಟಿದ್ರೆ ಇಳೀಬಹುದು, ರೆಪ್ಪೆ ತೆರೆಯೋಕೆ ಹೋಗಿ ಬೆರಳು ಗುಡ್ಡೆಯನ್ನೇ ಒತ್ತಿದ್ರೂ ಸುಳ್ಳು ನಂಬರ್ ಬರುತ್ತೆ. ಬೆರಳು ಕಣ್ಣಿನ ಸುತ್ತಲ ಮೂಳೆ ಮೇಲಿರ್ಲಿ, ತಲೆ ಎದೆಗಿಂತ ಮೇಲಿರ್ಲಿ, ಪ್ರತಿ ಸಲ ಅದೇ ಎತ್ತರ. ಹೀಗೆ ಮಾಡದಿದ್ರೆ ಏರಿದ್ದು ವ್ಯಾಯಾಮದಿಂದಲೋ ಕತ್ತು ಬಗ್ಗಿಸಿದ್ದರಿಂದಲೋ ಗೊತ್ತೇ ಆಗಲ್ಲ.

ಈಗ ವ್ಯಾಯಾಮ. ಮೊದಲು ನಡಿಗೆ, ಆಮೇಲೆ ಟ್ರಾಟ್ (ನಿಧಾನ ಓಟ), ಆಮೇಲೆ ಕ್ಯಾಂಟರ್ (ಅದಕ್ಕಿಂತ ಜೋರಾದ ಓಟ), ಪ್ರತಿ ಸಲ ಅಷ್ಟೇ ಹೊತ್ತು.

ನಿಲ್ಲಿಸಿದ ತಕ್ಷಣ ಎದೆಬಡಿತ ಎಣಿಸಿ, ಯಾಕಂದ್ರೆ ಮೊದಲ ನಿಮಿಷದಲ್ಲೇ ಅದು ಸರ್ರನೆ ಇಳಿಯುತ್ತೆ. ಜೋರು ಓಟದಲ್ಲಿ 200 ದಾಟೋದು ಸಹಜ. ಗುಲ್ಮದಲ್ಲಿ ಕೂಡಿಟ್ಟಿದ್ದ ಕೆಂಪು ರಕ್ತಕಣಗಳು ಓಡುವಾಗ ರಕ್ತಕ್ಕೆ ಬಂದು ಸೇರೋದ್ರಿಂದ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಕೂಡ 40ರ ಆಸುಪಾಸಿಂದ 60ರವರೆಗೆ ಹೋಗ್ಬಹುದು, ಇಂಥ ಹೊತ್ತಲ್ಲಿ ಬ್ಲಡ್ ಟೆಸ್ಟ್ ನೋಡಿ ನೀರು ಕಮ್ಮಿಯಾಗಿದೆ ಅಂತ ತೀರ್ಮಾನಿಸ್ಬೇಡಿ. ಟೆಂಪರೇಚರ್ 40 ದಾಟಿದ್ರೆ ಮಾತ್ರ ಅಳತೆ ಬದಿಗಿಟ್ಟು ಮೈಮೇಲೆ ತಣ್ಣೀರು ಸುರೀತಾ ಇರಿ.

10 ನಿಮಿಷಕ್ಕೆ, 30 ನಿಮಿಷಕ್ಕೆ ಮತ್ತೆ ಎಲ್ಲಾ ಅದೇ ಕ್ರಮದಲ್ಲಿ ತಗೊಳ್ಳಿ. ನನ್ನ ಪ್ರಕಾರ ಎಷ್ಟು ಏರ್ತು ಅನ್ನೋದಕ್ಕಿಂತ ಎಷ್ಟು ಬೇಗ ಇಳೀತು ಅನ್ನೋದೇ ಮುಖ್ಯ. ಅರ್ಧ ಗಂಟೆ ಆದ್ರೂ ಬಡಿತ 60ರ ಕೆಳಗೆ ಬರದಿದ್ರೆ ಡಾಕ್ಟರ್‌ಗೆ ಫೋನ್ ಮಾಡಿ. ಒಂದು ಕಣ್ಣು ಮುಚ್ಕೊಂಡು ನೀರು ಸುರಿಸ್ತಿದ್ರಂತೂ ಕಾಯಲೇಬೇಡಿ, ಕುದುರೆ ಕಣ್ಣಿನ ಹುಣ್ಣು ಒಂದೇ ದಿನದಲ್ಲಿ ಕೆಟ್ಟುಹೋಗಬಹುದು.