ಸ್ಪೇಸ್‌ಬಾರ್ ಒತ್ತಿದರೂ ಧ್ವನಿ ಕೇಳಿಸದಿದ್ದರೆ

ತಾಳಮದ್ದಲೆಯ ಹಳೆಯ ಕ್ಯಾಸೆಟ್‌ಗಳನ್ನು ಗಣಕಕ್ಕೆ ಇಳಿಸುತ್ತಾ ಹೋದಂತೆ ನನ್ನ ಫೋಲ್ಡರಿನಲ್ಲಿ ಇನ್ನೂರಕ್ಕೂ ಹೆಚ್ಚು ಫೈಲುಗಳು ಸೇರಿಕೊಂಡವು. ಹೆಸರುಗಳೆಲ್ಲ ‘ಟ್ರ್ಯಾಕ್ 07’, ‘ಟ್ರ್ಯಾಕ್ 08’ ಎಂಬಂತೆ. ಯಾವುದರಲ್ಲಿ ಯಾರ ಅರ್ಥಗಾರಿಕೆ ಇದೆ ಎಂಬುದನ್ನು ಕೇಳಿಯೇ ತಿಳಿಯಬೇಕು. ಒಂದೊಂದನ್ನೂ ಪ್ಲೇಯರಿನಲ್ಲಿ ತೆರೆದು ಮುಚ್ಚುತ್ತಾ ಕುಳಿತರೆ ದಿನವೇ ಸಾಲದು. ಉಬುಂಟು ಲಿನಕ್ಸ್‌ನ ಫೈಲ್ ಮ್ಯಾನೇಜರ್ ಆದ ‘ಫೈಲ್ಸ್’ನಲ್ಲಿ ಫೈಲನ್ನು ಆಯ್ದು ಸ್ಪೇಸ್‌ಬಾರ್ ಒತ್ತಿದರೆ ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. ಅಲ್ಲಿಯೇ ನಾಲ್ಕು ಮಾತು ಕೇಳಿ, ಮತ್ತೊಮ್ಮೆ ಸ್ಪೇಸ್‌ಬಾರ್ ಒತ್ತಿ ಮುಚ್ಚಬಹುದು. ಇಷ್ಟು ಸಣ್ಣ ಸೌಲಭ್ಯ ಕೈಕೊಟ್ಟ ದಿನವೇ ಅದರ ಬೆಲೆ ನನಗೆ ತಿಳಿದದ್ದು.

ಸರಿಪಡಿಸಲು ಹೊರಡುವ ಮುನ್ನ ಒಂದು ಸಂಗತಿ ಗೊತ್ತಿರಬೇಕು. ಫೈಲ್ ಮ್ಯಾನೇಜರ್ ತಾನಾಗಿ ಯಾವ ಧ್ವನಿಯನ್ನೂ ನುಡಿಸುವುದಿಲ್ಲ. ಉಬುಂಟು ಬಳಸುವ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ‘ಫೈಲ್ಸ್’, ಅಂದರೆ ನಾಟಿಲಸ್, ಆ ಕೆಲಸವನ್ನು ಸುಶಿ ಎಂಬ ಬೇರೊಂದು ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಸುಶಿ ಆ ಫೈಲನ್ನು ಧ್ವನಿ, ವಿಡಿಯೊ ನುಡಿಸುವ ಜಿ-ಸ್ಟ್ರೀಮರ್ ಎಂಬ ವ್ಯವಸ್ಥೆಗೆ ಕೊಡುತ್ತದೆ. ಜಿ-ಸ್ಟ್ರೀಮರ್ ತನ್ನಲ್ಲಿರುವ ಪ್ಲಗಿನ್‌ಗಳ, ಅಂದರೆ ಬೇರೆ ಬೇರೆ ಬಗೆಯ ಫೈಲುಗಳಿಗಾಗಿ ಸೇರಿಸುವ ಪುಟ್ಟ ತಂತ್ರಾಂಶಗಳ ನೆರವಿನಿಂದ ಅದನ್ನು ಬಿಡಿಸಿ, ಧ್ವನಿಯನ್ನು ಸಾಧನಕ್ಕೆ ತಲುಪಿಸುವ ಪೈಪ್‌ವೈರ್ ಅಥವಾ ಪಲ್ಸ್ ಆಡಿಯೊಗೆ ದಾಟಿಸುತ್ತದೆ. ಕೊನೆಗೆ ಸ್ಪೀಕರ್. ಭಾಗವತರ ಪದ ಮುಗಿಯದೆ ಅರ್ಥಧಾರಿ ಮಾತು ತೆಗೆಯುವುದಿಲ್ಲವಷ್ಟೆ. ಇಲ್ಲಿಯೂ ಹಿಂದಿನವರು ಕೈಬಿಟ್ಟರೆ ಮುಂದಿನವರು ಮೌನ. ಆದ್ದರಿಂದ ಸಿಕ್ಕಸಿಕ್ಕ ಪ್ಯಾಕೇಜುಗಳನ್ನು ಅನುಸ್ಥಾಪಿಸುವ ಮೊದಲು ಕೊಂಡಿ ಎಲ್ಲಿ ಕಳಚಿದೆ ಎಂಬುದನ್ನು ಪತ್ತೆ ಮಾಡಿ.

ಮೊದಲು ಎರಡು ಸುಲಭ ಪರೀಕ್ಷೆ

ಸೆಟ್ಟಿಂಗ್ಸ್‌ನ ‘ಸೌಂಡ್’ ವಿಭಾಗಕ್ಕೆ ಹೋಗಿ ಪರೀಕ್ಷಾ ಧ್ವನಿ ಕೇಳಿಸುತ್ತದೆಯೇ ನೋಡಿ. ಎಚ್‌ಡಿಎಂಐ ತಂತಿಯಲ್ಲಿ ಮಾನಿಟರ್ ಜೋಡಿಸಿದ್ದರೆ ಧ್ವನಿಯು ಸ್ಪೀಕರೇ ಇಲ್ಲದ ಆ ಮಾನಿಟರಿಗೆ ಹೋಗುತ್ತಿರಬಹುದು. ಔಟ್‌ಪುಟ್ ಸಾಧನವನ್ನು ಬದಲಿಸಿದರೆ ಸಾಕು.

ಅದು ಸರಿಯಿದ್ದರೆ ಯಾವುದಾದರೂ ಚಿತ್ರದ ಫೈಲನ್ನು ಆಯ್ದು ಸ್ಪೇಸ್‌ಬಾರ್ ಒತ್ತಿ. ಚಿತ್ರವೂ ತೆರೆಯದಿದ್ದರೆ ದೋಷ ಧ್ವನಿಯದ್ದಲ್ಲ, ಸುಶಿಯೇ ಇಲ್ಲ ಎಂದರ್ಥ. ಕೆಲವು ಡಿಸ್ಟ್ರೊಗಳಲ್ಲಿ (ಲಿನಕ್ಸ್‌ನ ಬೇರೆ ಬೇರೆ ರೂಪಗಳಲ್ಲಿ) ಅದು ತಾನಾಗಿ ಬರುವುದಿಲ್ಲ. ಉಬುಂಟು, ಡೆಬಿಯನ್ ಬಳಸುವವರು ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ‘ಗ್ನೋಮ್-ಸುಶಿ’ (gnome-sushi) ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹುಡುಕಿ ಅನುಸ್ಥಾಪಿಸಬಹುದು. ಬಳಿಕ ಒಮ್ಮೆ ಲಾಗ್‌ಔಟ್ ಆಗಿ ಮರಳಿ ಬನ್ನಿ. ಕಿಟಕಿಯನ್ನು ಮುಚ್ಚಿದ ಮಾತ್ರಕ್ಕೆ ನಾಟಿಲಸ್ ನಿಲ್ಲುತ್ತದೆಂದು ಹೇಳಲಾಗದು, ಹಿನ್ನೆಲೆಯಲ್ಲಿ ಉಳಿದಿರಬಹುದು.

ಗ್ನೋಮ್ 2ರ ಕಾಲದಿಂದ ಲಿನಕ್ಸ್ ಬಳಸುತ್ತಿರುವವರಿಗೆ ಒಂದು ಮಾತು. ಆಗ ಮೌಸ್ ಬಾಣವನ್ನು ಹಾಡಿನ ಐಕಾನ್ ಮೇಲೆ ಇಟ್ಟರೆ ಸಾಕು, ಹಾಡು ಕೇಳಿಸುತ್ತಿತ್ತು. ಸ್ಪೇಸ್‌ಬಾರ್ ಒತ್ತಿ ನೋಡುವ ಸುಶಿ 2011ರಲ್ಲಿ, ಗ್ನೋಮ್ 3.2ರ ಜೊತೆಗೆ ಬಂದಿತು. ಈಗಿನ ‘ಫೈಲ್ಸ್’ನಲ್ಲಿ ಬಾಣವನ್ನು ಎಷ್ಟು ಹೊತ್ತು ಇಟ್ಟರೂ ಧ್ವನಿ ಬಾರದು. ಅದು ಕೆಟ್ಟಿಲ್ಲ, ಕ್ರಮ ಬದಲಾಗಿದೆ.

‘ವಿಎಲ್‌ಸಿಯಲ್ಲಿ ಹಾಡುತ್ತದಲ್ಲ!’

ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿ. ಚಿತ್ರ ತೆರೆಯುತ್ತದೆ, ಧ್ವನಿ ಫೈಲಿನ ಕಿಟಕಿ ಮಾತ್ರ ಮೌನವಾಗಿರುತ್ತದೆ ಅಥವಾ ದೋಷದ ಸಂದೇಶ ತೋರಿಸುತ್ತದೆ. ಅದೇ ಫೈಲು ವಿಎಲ್‌ಸಿ ಪ್ಲೇಯರಿನಲ್ಲಿ ಸೊಗಸಾಗಿ ನುಡಿಯುತ್ತದೆ. ಧ್ವನಿಯನ್ನು ಅಡಕಗೊಳಿಸಿ ಬಿಡಿಸುವ ಕೋಡೆಕ್‌ಗಳೆಲ್ಲ ಸರಿಯಾಗಿವೆ, ಫೈಲ್ ಮ್ಯಾನೇಜರೇ ಹಾಳಾಗಿದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನನಗೂ ಅನ್ನಿಸಿತ್ತು. ಆದರೆ ವಿಎಲ್‌ಸಿ ಜಿ-ಸ್ಟ್ರೀಮರನ್ನು ಅವಲಂಬಿಸಿಲ್ಲ. ಅದರ ಡಿಕೋಡರ್ ವ್ಯವಸ್ಥೆಯೇ ಬೇರೆ. ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಎಂಬ ಪ್ಯಾಕೇಜ್ ರೂಪದಲ್ಲಿ ಹಾಕಿಕೊಂಡ ಪ್ಲೇಯರುಗಳಂತೂ ತಮ್ಮ ಬುತ್ತಿಯನ್ನು ತಾವೇ ಕಟ್ಟಿಕೊಂಡು ಬರುತ್ತವೆ. ಸುಶಿಗೆ ಅದರಲ್ಲಿ ಒಂದು ತುತ್ತೂ ಸಿಗುವುದಿಲ್ಲ. ವಿಎಲ್‌ಸಿಯಲ್ಲಿ ಹಾಡಿತು ಎಂಬುದರಿಂದ ಫೈಲು ಕೆಟ್ಟಿಲ್ಲ ಎಂದಷ್ಟೇ ತಿಳಿಯುತ್ತದೆ.

ಯಾವ ಪ್ಲಗಿನ್ ಕೊರತೆಯಾಗಿದೆ ಎಂದು ತಿಳಿಯಲು ಫೋನಿನಲ್ಲಿರುವ ಎರಡು ಫೈಲುಗಳೇ ಸಾಕು: ಒಂದು ವಾಟ್ಸ್‌ಆಪ್ ಧ್ವನಿ ಸಂದೇಶ, ಇನ್ನೊಂದು ರೆಕಾರ್ಡರ್ ಆ್ಯಪ್‌ನಿಂದ ಮುದ್ರಿಸಿದ ಎಂ4ಎ ಫೈಲು. ಎರಡನ್ನೂ ಮೊದಲು ಗಣಕಕ್ಕೆ ನಕಲು ಮಾಡಿಕೊಳ್ಳಿ. ಫೋನನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಅಲ್ಲಿಂದಲೇ ಪ್ರಿವ್ಯೂ ನೋಡಹೊರಟರೆ ನಿಧಾನಕ್ಕೂ ದೋಷಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ವಾಟ್ಸ್‌ಆಪ್ ಸಂದೇಶ ಓಪಸ್ ಕೋಡೆಕ್‌ನಲ್ಲಿರುತ್ತದೆ. ಅದನ್ನು ಬಿಡಿಸುವ ಪ್ಲಗಿನ್ ಜಿ-ಸ್ಟ್ರೀಮರ್‌ನ ‘ಬೇಸ್’ ಗುಂಪಿನಲ್ಲಿಯೇ ಇದೆ. ಎಂ4ಎ ಒಳಗೆ ಸಾಮಾನ್ಯವಾಗಿ ಎಎಸಿ ಇರುತ್ತದೆ. ಅದಕ್ಕೆ ‘ಲಿಬ್‌ಆವ್’ನಂತಹ ಹೆಚ್ಚುವರಿ ಪ್ಲಗಿನ್ ಬೇಕು. ಮೊದಲನೆಯದು ಕೇಳಿಸಿ ಎರಡನೆಯದು ಕೇಳಿಸದಿದ್ದರೆ ಉತ್ತರ ನಿಮ್ಮ ಕೈಯಲ್ಲಿದೆ.

ಜಿ-ಸ್ಟ್ರೀಮರ್ ಪ್ಲಗಿನ್‌ಗಳು ಬೇಸ್, ಗುಡ್, ಬ್ಯಾಡ್, ಅಗ್ಲಿ ಎಂಬ ಗುಂಪುಗಳಲ್ಲಿ ಬರುತ್ತವೆ, ಲಿಬ್‌ಆವ್ ಪ್ರತ್ಯೇಕ. ‘ಅಗ್ಲಿ’ಯಲ್ಲಿರುವ ತಂತ್ರಾಂಶ ಕಳಪೆ ಎಂದು ಭಾವಿಸಬೇಡಿ. ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಪೇಟೆಂಟ್ ಅಥವಾ ಪರವಾನಗಿಯ ತೊಡಕಿರಬಹುದೆಂದು ಬೇರೆ ಇಡಲಾಗಿದೆ. ಎಂಪಿ3 ಕೂಡ ಹಿಂದೆ ಅಲ್ಲಿಯೇ ಇತ್ತು. 2017ರಲ್ಲಿ ಅದರ ಪರವಾನಗಿ ವ್ಯವಸ್ಥೆ ಕೊನೆಗೊಂಡ ಮೇಲೆ, 2018ರ 1.14 ಆವೃತ್ತಿಯಲ್ಲಿ ಎಂಪಿ3 ಡಿಕೋಡರ್ ‘ಗುಡ್’ ಗುಂಪಿಗೆ ಬಂದಿತು. ಈಗ ಎಂಪಿ3 ಕೇಳಿಸದಿದ್ದರೆ ‘ಗುಡ್’ ಗುಂಪೇ ಇಲ್ಲವೇ ಎಂದು ಪರೀಕ್ಷಿಸಿ. ಹಳೆಯ ಕೀಪ್ಯಾಡ್ ಫೋನುಗಳಲ್ಲಿ ಮುದ್ರಿಸಿದ ಎಎಂಆರ್ ಫೈಲುಗಳಿಗೆ ‘ಅಗ್ಲಿ’ ಅಥವಾ ಲಿಬ್‌ಆವ್ ಬೇಕು. ಅಜ್ಜ ಅಜ್ಜಿಯರ ದನಿ ಇಂಥ ಫೈಲುಗಳಲ್ಲಿ ಉಳಿದಿರುವ ಮನೆಗಳು ಎಷ್ಟೋ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಉಬುಂಟು ಅನುಸ್ಥಾಪನೆಯ ಹೊತ್ತಿನಲ್ಲಿ ಹೆಚ್ಚುವರಿ ಮೀಡಿಯಾ ಫಾರ್ಮ್ಯಾಟ್‌ಗಳ ಚೌಕಕ್ಕೆ ಗುರುತು ಹಾಕದೆ ಬಿಟ್ಟವರಿಗೆ ಈ ಕೊರತೆ ಕಾಣಿಸುತ್ತದೆ. ಸಿನಾಪ್ಟಿಕ್‌ನಲ್ಲಿ ‘ಜಿಸ್ಟ್ರೀಮರ್1.0-ಲಿಬ್‌ಆವ್’ (gstreamer1.0-libav) ಮತ್ತು ‘ಜಿಸ್ಟ್ರೀಮರ್1.0-ಪ್ಲಗಿನ್ಸ್-ಅಗ್ಲಿ’ (gstreamer1.0-plugins-ugly) ಹುಡುಕಿ ಹಾಕಿಕೊಳ್ಳಿ. ಫೆಡೋರಾದಲ್ಲಿ ಕೆಲವು ಕೋಡೆಕ್‌ಗಳಿಗೆ ಆರ್‌ಪಿಎಂ ಫ್ಯೂಷನ್ ಭಂಡಾರವನ್ನು ಸೇರಿಸಿಕೊಳ್ಳಬೇಕಾಗುತ್ತದೆ.

ಸರಿಪಡಿಸಿದರೂ ಸರಿಯಾಗದಿದ್ದರೆ

ಪ್ಲಗಿನ್ ಹಾಕಿದ ಮೇಲೂ ಮೌನವೇ? ಜಿ-ಸ್ಟ್ರೀಮರ್ ತನ್ನಲ್ಲಿರುವ ಪ್ಲಗಿನ್‌ಗಳ ಪಟ್ಟಿಯನ್ನು ಬರೆದಿಟ್ಟುಕೊಂಡಿರುತ್ತದೆ. ಆ ಪಟ್ಟಿ ಹಾಳಾಗಿದ್ದರೆ ಹೊಸ ಪ್ಲಗಿನ್ ಅದರ ಕಣ್ಣಿಗೆ ಬೀಳುವುದಿಲ್ಲ. ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿ. ಚುಕ್ಕಿಯಿಂದ ಆರಂಭವಾಗುವ ಅಡಗಿದ ಫೋಲ್ಡರುಗಳು ಕಾಣುತ್ತವೆ. ‘.ಕ್ಯಾಶ್’ (.cache) ಒಳಗಿನ ‘ಜಿಸ್ಟ್ರೀಮರ್-1.0’ (gstreamer-1.0) ಫೋಲ್ಡರನ್ನು ಅಳಿಸಿ. ಹೆದರಬೇಕಿಲ್ಲ, ಮುಂದಿನ ಬಾರಿ ಬೇಕಾದಾಗ ಅದು ತಾನಾಗಿ ಹುಟ್ಟುತ್ತದೆ.

ಆಲ್ಬಮ್ಮಿನ ಮುಖಚಿತ್ರ ಐಕಾನಿನಲ್ಲಿ ಕಾಣದಿರುವುದು ಬೇರೆಯೇ ತೊಂದರೆ. ಚಿತ್ರ ತಯಾರಿಸುವ ಪ್ರಯತ್ನ ಒಮ್ಮೆ ಸೋತರೆ ಆ ಸೋಲು ‘.ಕ್ಯಾಶ್’ನ ‘ಥಂಬ್‌ನೇಲ್ಸ್’ ಒಳಗೆ ‘ಫೇಲ್’ ಎಂಬ ಫೋಲ್ಡರಿನಲ್ಲಿ ದಾಖಲಾಗುತ್ತದೆ. ಮೂಲ ಫೈಲು ಬದಲಾಗದ ಹೊರತು ಮತ್ತೆ ಪ್ರಯತ್ನ ನಡೆಯುವುದಿಲ್ಲ. ‘ಫೇಲ್’ ಫೋಲ್ಡರನ್ನು ಅಳಿಸಿದರೆ ಹೊಸದಾಗಿ ಆರಂಭವಾಗುತ್ತದೆ. ಗಾತ್ರದ ಮಿತಿಯೂ ಇದೆ: ನಾಟಿಲಸ್‌ನ ಈಚಿನ ಆವೃತ್ತಿಗಳಲ್ಲಿ 50 ಮೆಗಾಬೈಟ್‌ಗಿಂತ ದೊಡ್ಡ ಫೈಲುಗಳಿಗೆ ಐಕಾನ್ ಚಿತ್ರ ಮಾಡುವುದಿಲ್ಲ. ಸಿ.ಡಿ. ಗುಣಮಟ್ಟದ ವೇವ್ ಫೈಲು ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ತಿನ್ನುತ್ತದೆ, ಅಂದರೆ ಐದು ನಿಮಿಷಕ್ಕೇ ಮಿತಿ ಮುಗಿಯಿತು. ಇಡೀ ಕ್ಯಾಸೆಟ್ಟಿನ ಒಂದು ಬದಿಯನ್ನು ಗುಣಮಟ್ಟ ಕಳೆಯದೆ ಅಡಕಗೊಳಿಸುವ ಫ್ಲ್ಯಾಕ್‌ನಲ್ಲಿ ಇಟ್ಟರೂ ಇದನ್ನು ಮೀರುತ್ತದೆ. ಗ್ನೋಮ್‌ನ ಒಳಸೆಟ್ಟಿಂಗ್‌ಗಳನ್ನು ಬದಲಿಸುವ ಡಿಕಾನ್ಫ್ ಎಡಿಟರ್‌ನ ನಾಟಿಲಸ್ ವಿಭಾಗದಲ್ಲಿ ‘ಥಂಬ್‌ನೇಲ್-ಲಿಮಿಟ್’ (thumbnail-limit) ಹೆಚ್ಚಿಸಿಕೊಳ್ಳಬಹುದು.

ಹಿಂದೆಂದಾದರೂ ಫೈಲ್ ಮ್ಯಾನೇಜರನ್ನು ಸುಡೊ ಆದೇಶ ಸೇರಿಸಿ, ಅಂದರೆ ನಿರ್ವಾಹಕರ (ರೂಟ್) ಅಧಿಕಾರದಲ್ಲಿ, ತೆರೆದಿದ್ದೀರಾ? ಹಾಗಿದ್ದರೆ ‘.ಕ್ಯಾಶ್’ ಒಳಗಿನ ಕೆಲವು ಫೋಲ್ಡರುಗಳ ಒಡೆತನ ರೂಟ್ ಖಾತೆಗೆ ಹೋಗಿರಬಹುದು. ಆಗ ನಿಮ್ಮ ಖಾತೆಗೆ ಅಲ್ಲಿ ಬರೆಯುವ ಅಧಿಕಾರವಿರುವುದಿಲ್ಲ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಅನುಮತಿಗಳ ಪುಟ ತೆರೆದು ಒಡೆಯರು ಯಾರೆಂದು ನೋಡಿ; ನಿಮ್ಮ ಹೆಸರಿಲ್ಲದಿದ್ದರೆ ಒಡೆತನವನ್ನು ಮರಳಿ ಪಡೆದುಕೊಳ್ಳಿ.

ಬೇರೆ ಡೆಸ್ಕ್‌ಟಾಪ್ ಬಳಸುವವರಿಗೆ: ಸಿನಮನ್‌ನ ನೀಮೊಗೆ ‘ನೀಮೊ-ಪ್ರಿವ್ಯೂ’ ಎಂಬ ಪ್ರತ್ಯೇಕ ಪ್ಯಾಕೇಜ್ ಬೇಕು, ಕೀಲಿ ಅದೇ ಸ್ಪೇಸ್‌ಬಾರ್. ಕೆಡಿಇಯ ಡಾಲ್ಫಿನ್‌ನಲ್ಲಿ ಎಫ್11 ಒತ್ತಿದರೆ ಬಲಕ್ಕೆ ಮಾಹಿತಿ ಫಲಕ ತೆರೆದು ಅಲ್ಲಿಯೇ ಹಾಡು ಕೇಳಬಹುದು. ಎಕ್ಸ್‌ಎಫ್‌ಸಿಇಯ ಥುನಾರ್‌ನಲ್ಲಿ ಹಾಡು ಕೇಳಿಸುವ ಪ್ರಿವ್ಯೂ ಇಲ್ಲ.

ಇಷ್ಟಾದರೂ ಬಗೆಹರಿಯದಿದ್ದರೆ ‘ಲಾಗ್ಸ್’ ಆ್ಯಪನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಸ್ಪೇಸ್‌ಬಾರ್ ಒತ್ತಿ, ಆ ಕ್ಷಣದಲ್ಲಿ ಬರುವ ಸಾಲುಗಳನ್ನು ಓದಿ. ನೆರವು ಕೇಳುವಾಗ ಆ ಸಾಲುಗಳನ್ನೂ ಡಿಸ್ಟ್ರೊದ ಆವೃತ್ತಿಯನ್ನೂ ಫೈಲಿನ ಪ್ರಾಪರ್ಟೀಸ್‌ನಲ್ಲಿ ಕಾಣುವ ಕೋಡೆಕ್ ಹೆಸರನ್ನೂ ಬರೆದು ಕಳುಹಿಸಿ. ‘ಹಾಡು ಬರುತ್ತಿಲ್ಲ’ ಎಂದಷ್ಟೇ ಬರೆದರೆ ಉತ್ತರಿಸುವವರು ಮೇಲಿನ ಪ್ರಶ್ನೆಗಳನ್ನೆಲ್ಲ ಮೊದಲಿನಿಂದ ಕೇಳಬೇಕಾಗುತ್ತದೆ.