ಕಾರಿನಲ್ಲಿ ಮಗುವಿನ ಸೀಟು ಬಿಗಿಯುವುದು ಹೇಗೆ?

ಕಾರಿಗೆ ಆರು ಏರ್‌ಬ್ಯಾಗ್ ಇದೆ ಎಂದು ಬೀಗುವವರೇ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಲ್ಲಿ ಕೂತಿರುತ್ತಾರೆ. ಏರ್‌ಬ್ಯಾಗ್ ಇರುವುದು ಬೆಲ್ಟ್ ಹಾಕಿದ ದೊಡ್ಡವರಿಗೆ. ಎದುರಿಗೆ ಮಗುವಿದ್ದರೆ ಅದು ಉಬ್ಬುವ ರಭಸಕ್ಕೇ ಪೆಟ್ಟಾಗುತ್ತದೆ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಕಾನೂನಿನಲ್ಲಿ 1,000 ರೂಪಾಯಿ ದಂಡವೂ ಇದೆ.

ಕೊಳ್ಳುವಾಗ ಸೀಟಿನ ಕಿತ್ತಳೆ ಚೀಟಿಯಲ್ಲಿ ಆರ್44 ಅಥವಾ ಆರ್129 ಎಂದು ಇದೆಯಾ ನೋಡಿ. ಇವು ಮಕ್ಕಳ ಸೀಟಿನ ಸುರಕ್ಷತಾ ಮಾನದಂಡಗಳ ಹೆಸರು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಬರೀ ಬಟ್ಟೆ, ಪಟ್ಟಿಯ ‘ಸೀಟು’ ಸುಮ್ನೆ ದುಡ್ಡು ದಂಡ. ಯಾರೋ ಬಳಸಿದ್ದು, ಅದರ ಕಥೆ ಗೊತ್ತಿಲ್ಲ ಎಂದರೆ ಅದೂ ಬೇಡ.

ಜಾಗ: ಹಿಂದಿನ ಸೀಟು. ಬೇರೆ ಮಾತಿಲ್ಲ.

ಈಗ ಎಲ್ಲರೂ ಎಡವುವ ಹಂತ. ಹಿಂದಿನ ಸೀಟಿನ ಬೆನ್ನು, ಬುಡ ಸೇರುವ ಸಂದಿಗೆ ಕೈ ಹಾಕಿದರೆ ಎರಡು ಕಂಬಿ ಸಿಗುತ್ತವೆ. ಇವೇ ಐಸೊಫಿಕ್ಸ್. ಮಗುವಿನ ಸೀಟಿನ ಕೊಂಡಿಗಳನ್ನು ಇವಕ್ಕೆ ಒತ್ತಿ. ಎರಡೂ ಕಡೆ ಟಕ್ ಅನ್ನಬೇಕು, ಗುರುತು ಹಸಿರಾಗಬೇಕು. ಇಷ್ಟಕ್ಕೇ ಕೈ ಕೊಡವಿಕೊಂಡು ಎದ್ದುಬಿಡುವವರು ಜಾಸ್ತಿ. ಬ್ರೇಕ್ ಹೊಡೆದಾಗ ಆ ಸೀಟು ಮುಂದಕ್ಕೆ ಮುಗ್ಗರಿಸುತ್ತದೆ. ತಡೆಯಲು ಮೂರನೇ ಹಿಡಿತ ಬೇಕು. ಕೆಲವು ಸೀಟಿಗೆ ನೆಲಕ್ಕೆ ಊರುವ ಕಾಲಿರುತ್ತದೆ, ಅದು ಗಾಳಿಯಲ್ಲಿ ತೂಗಬಾರದು. ಉಳಿದವಕ್ಕೆ ಮೇಲಿನ ಪಟ್ಟಿ, ಅಂದರೆ ಟಾಪ್ ಟೆದರ್. ಅದನ್ನು ಹೆಡ್‌ರೆಸ್ಟ್ ಅಡಿಯಿಂದ ಹಿಂದಕ್ಕೆ ತಂದು, ಕಾರಿನ ಮ್ಯಾನುಯಲ್‌ನಲ್ಲಿ ತೋರಿಸಿದ ಕೊಕ್ಕೆಗೇ ಸಿಕ್ಕಿಸಿ ಎಳೆಯಿರಿ. ಡಿಕ್ಕಿಯಲ್ಲಿ ಲಗೇಜ್ ಕಟ್ಟುವ ಕೊಕ್ಕೆಯೂ ಥೇಟ್ ಹಾಗೇ ಕಾಣುತ್ತದೆ. ಅದಕ್ಕೆ ಸಿಕ್ಕಿಸಿದ್ದನ್ನು ಎಷ್ಟೋ ಕಾರುಗಳಲ್ಲಿ ನೋಡಿದ್ದೇನೆ. ಪೆಟ್ಟು ತಡೆಯುವ ತಾಕತ್ತು ಅದಕ್ಕಿಲ್ಲ.

ಐಸೊಫಿಕ್ಸ್ ಇಲ್ಲವಾ? ಬೆಲ್ಟ್‌ನಿಂದ ಕಟ್ಟಲು ಬರುವ ಸೀಟು ತನ್ನಿ. ಅದರ ಮೇಲೆ ಮೊಣಕಾಲೂರಿ ಭಾರ ಹಾಕಿ ಬೆಲ್ಟ್ ಬಿಗಿಯಿರಿ. ಬೆಲ್ಟ್ ಹಾಯುವ ಕಡೆ ಹಿಡಿದು ಅಲ್ಲಾಡಿಸಿದರೆ ಒಂದು ಇಂಚೂ ಸರಿಯಬಾರದು.

ಮಗುವನ್ನು ಕೂರಿಸಿ ಪಟ್ಟಿ ಎಳೆದ ಮೇಲೆ ಭುಜದ ಹತ್ತಿರ ಅದನ್ನು ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲ. ಮಡಿಕೇರಿ ಚಳಿಯಾದರೂ ದಪ್ಪ ಸ್ವೆಟರ್ ಬಿಚ್ಚಿ, ಪಟ್ಟಿ ಬಿಗಿದ ಮೇಲೆ ಶಾಲು ಹೊದಿಸಿ. ಆರ್129 ಸೀಟಿನಲ್ಲಿ 15 ತಿಂಗಳು ದಾಟುವವರೆಗೆ ಮಗುವಿನ ಮುಖ ಹಿಂದಕ್ಕಿರಲೇಬೇಕು. ನನ್ನ ಕೇಳಿದರೆ, ಸೀಟಿನ ಅಳತೆ ಒಪ್ಪುವಷ್ಟು ದಿನ ಹಾಗೇ ಇರಲಿ. ‘ಪಾಪ, ಕಾಲು ಮಡಚಿಕೊಂಡಿದೆ’ ಎಂದು ಅಜ್ಜಿ ಮರುಗುತ್ತಾರೆ. ಮಕ್ಕಳಿಗೆ ಅದೇನೂ ನೋಯುವುದಿಲ್ಲ.

ದಾರಿಯಲ್ಲಿ ಅತ್ತರೆ ಓಡುವ ಕಾರಿನಲ್ಲಿ ಬಿಚ್ಚಬೇಡಿ. ಬದಿಗೆ ನಿಲ್ಲಿಸಿ, ಎತ್ತಿಕೊಂಡು ಸಮಾಧಾನ ಮಾಡಿ, ಮತ್ತೆ ಕಟ್ಟಿ ಹೊರಡಿ.